ಹಳೆ ಕಾರಿಗೆ ಬದಲಿ ರೇಡಿಯೇಟರ್: ಮಲೆನಾಡಿನ ಏರಿಗೆ ತಕ್ಕದ್ದನ್ನು ಆರಿಸುವುದು ಹೇಗೆ

ಚಾರ್ಮಾಡಿ ಏರಿನಲ್ಲಿ ಬಾನೆಟ್ ಎತ್ತಿ ನಿಂತ ಅಂಬಾಸಿಡರ್ ಕಂಡರೆ ಹೋಗಿ ಬರುವವರೆಲ್ಲ ಹೇಳುವ ಮಾತು ಒಂದೇ: "ರೇಡಿಯೇಟರ್ ಹೋಗಿದೆ, ಬೇರೆ ಹಾಕಿಸಿ." ಎಷ್ಟೋ ಸಲ ಹೋಗಿರುವುದು ರೇಡಿಯೇಟರ್ ಅಲ್ಲ. ಹೋಗಿದ್ದರೂ ಇಡೀ ರೇಡಿಯೇಟರ್ ಹೋಗಿರುವುದಿಲ್ಲ, ನಡುವಿನ ಕೋರ್ (ನೀರು ಹರಿಯುವ ಟ್ಯೂಬುಗಳು, ಅವಕ್ಕೆ ಅಂಟಿದ ತೆಳು ತಗಡಿನ ಫಿನ್ನುಗಳು) ಮಾತ್ರ ಹೋಗಿರುತ್ತದೆ. ಈ ಎರಡು ಸಂಗತಿ ತಿಳಿಯದೆ ಅಂಗಡಿಗೆ ಹೋದರೆ ಹಿತ್ತಾಳೆಯ ಒಳ್ಳೆ ಟ್ಯಾಂಕು ಗುಜರಿಗೆ ಹೋಗುತ್ತದೆ, ಅಳತೆ ಕೂಡದ ಹೊಸ ಮಾಲು ಮನೆಗೆ ಬರುತ್ತದೆ, ಗಾಡಿ ಮತ್ತೆ ಅದೇ ತಿರುವಿನಲ್ಲಿ ಕುದಿಯುತ್ತದೆ.

ಮೊದಲು ತಪ್ಪು ಎಲ್ಲಿದೆ ಎಂದು ಗೊತ್ತು ಮಾಡಿಕೊಳ್ಳಿ

ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ಒಂದೇ ಸಮನೆ ಏಳುತ್ತಿದ್ದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೊಡೆದಿದೆ ಎಂದೇ ಅನುಮಾನಿಸಬೇಕು. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಬಹುಮಟ್ಟಿಗೆ ನಿಜ. ಇಂಥ ಗಾಡಿಗೆ ಎಷ್ಟು ದೊಡ್ಡ ರೇಡಿಯೇಟರ್ ಕೂರಿಸಿದರೂ ದುಡ್ಡು ದಂಡ.

ಫ್ಯಾನ್ ಬೆಲ್ಟನ್ನು ಅದರ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿ. ಸುಮಾರು 12 ಮಿ.ಮೀ. ಬಗ್ಗಿದರೆ ಸರಿ, ಅದಕ್ಕಿಂತ ಜೋತಾಡಿದರೆ ಏರಿನಲ್ಲಿ ನೀರಿನ ಪಂಪೂ ಫ್ಯಾನೂ ಒಟ್ಟಿಗೆ ಜಾರುತ್ತವೆ. ಕೆಳಗಿನ ಹೋಸ್ ಪೈಪ್ ಹಳೆಯದಾಗಿ ಮೆತ್ತಗಾಗಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಪಂಪಿನ ಎಳೆತಕ್ಕೆ ಒಳಗೊಳಗೇ ಚಪ್ಪಟೆಯಾಗಿ ನೀರಿನ ದಾರಿ ಮುಚ್ಚುತ್ತದೆ. ಒಬ್ಬರು ಆಕ್ಸಿಲರೇಟರ್ ಕೊಡಲಿ, ಇನ್ನೊಬ್ಬರು ಆ ಪೈಪನ್ನೇ ನೋಡುತ್ತಿರಲಿ. ಪಾಯಿಂಟ್ ಟೈಮಿಂಗ್ (ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದ್ದರೂ, ಬ್ರೇಕ್ ಹಿಡಿದುಕೊಂಡೇ ಓಡುತ್ತಿದ್ದರೂ ಗೇಜಿನ ಮುಳ್ಳು ಏರುತ್ತದೆ.

ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. 82 ಡಿಗ್ರಿ ಎಂದು ಬರೆದದ್ದು ಹೆಚ್ಚುಕಮ್ಮಿ ಅಲ್ಲಿಗೆ ತೆರೆಯತೊಡಗಿ, ಇನ್ನೊಂದು ಹತ್ತು-ಹದಿಮೂರು ಡಿಗ್ರಿಗೆ ಪೂರ್ತಿ ತೆರೆಯಬೇಕು. ಚಿಕ್ಕಮಗಳೂರಿನಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ, 88 ಡಿಗ್ರಿಯ ಥರ್ಮೋಸ್ಟಾಟ್ ಇಲ್ಲಿನ ಪಾತ್ರೆಯಲ್ಲಿ ಪೂರ್ತಿ ತೆರೆಯದೇ ಇರಬಹುದು. ಅದನ್ನು ಕೆಟ್ಟದೆಂದು ಎಸೆಯಬೇಡಿ. ಥರ್ಮೋಸ್ಟಾಟನ್ನೇ ಕಿತ್ತು ಹಾಕಿ ಓಡಿಸುವುದು ನಮ್ಮ ಕಡೆಯ ಹಳೆಯ ಚಾಳಿ. ಮಳೆಗಾಲದ ಬೆಳಿಗ್ಗೆ ಮೂಡಿಗೆರೆ ರಸ್ತೆಯಲ್ಲಿ ಅಂಥ ಎಂಜಿನ್ ಬಿಸಿಯೇ ಆಗುವುದಿಲ್ಲ. ಎಣ್ಣೆ ಮಡ್ಡಿಗಟ್ಟುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರಿನ ಬೋರ್ ಬೇಗ ಸವೆಯುತ್ತದೆ.

ಇವೆಲ್ಲ ಸರಿಯಿದ್ದರೆ ರೇಡಿಯೇಟರಿನ ಪರೀಕ್ಷೆ. ಗಾಡಿ ಬಿಸಿಯಾಗಿ ಥರ್ಮೋಸ್ಟಾಟ್ ತೆರೆದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಮೇಲಿನ ಟ್ಯಾಂಕು, ಕೆಳಗಿನ ಟ್ಯಾಂಕು, ಕೋರಿನ ನಾಲ್ಕು ಮೂಲೆ ಅಳೆಯಿರಿ. ಹೊಳೆಯುವ ಹಿತ್ತಾಳೆಯ ಮೇಲೆ ಅದು ಸುಳ್ಳು ಹೇಳುತ್ತದೆ, ಕಪ್ಪು ಬಣ್ಣವಿರುವ ಕಡೆ ಅಥವಾ ಕಪ್ಪು ಟೇಪ್ ಅಂಟಿಸಿ ಹಿಡಿಯಿರಿ. ಮೇಲೂ ಕೆಳಗೂ 6ರಿಂದ 12 ಡಿಗ್ರಿ ವ್ಯತ್ಯಾಸವಿರುವುದು ಸಹಜ. ಮೇಲೆ ಸುಡುತ್ತಿದ್ದು ಕೆಳಗೆ ಅದಕ್ಕಿಂತ 20 ಡಿಗ್ರಿಗೂ ಮೀರಿ ತಣ್ಣಗಿದ್ದರೆ ನೀರು ನಿಧಾನವಾಗಿ ಇಳಿಯುತ್ತಿದೆ ಎಂದರ್ಥ: ಟ್ಯೂಬ್ ಕಟ್ಟಿದೆ ಅಥವಾ ಪಂಪ್ ಸೋತಿದೆ. ಮೇಲೂ ಕೆಳಗೂ ಒಂದೇ ಸಮ ಸುಡುತ್ತಿದ್ದರೆ ನೀರು ಚೆನ್ನಾಗಿ ಓಡುತ್ತಿದೆ, ಗಾಳಿಯೇ ಕಾವನ್ನು ಒಯ್ಯುತ್ತಿಲ್ಲ: ಫಿನ್ ನಡುವೆ ಕೆಸರು, ಹುಲ್ಲಿನ ಬೀಜ ತುಂಬಿದೆ ಅಥವಾ ಫ್ಯಾನಿನ ತಪ್ಪು. ಕೋರಿನ ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಆ ಟ್ಯೂಬುಗಳು ಸತ್ತಿವೆ. ತೋಟದ ದಾರಿಯಲ್ಲಿ ಓಡುವ ಗಾಡಿಯಾದರೆ ಎಂಜಿನ್ ಕಡೆಯಿಂದ ಮುಂದಕ್ಕೆ, ಸಾಧಾರಣ ಪೈಪಿನ ನೀರು ಬಿಟ್ಟು ಫಿನ್ ತೊಳೆದು ಮತ್ತೊಮ್ಮೆ ಅಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಬೇಡ, ಫಿನ್ ಮಡಚಿಕೊಳ್ಳುತ್ತವೆ.

ಬಿಚ್ಚಿದ ರೇಡಿಯೇಟರಿಗಾದರೆ ಪರೀಕ್ಷೆ ಇನ್ನೂ ಸುಲಭ. ಕೆಳಗಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ನೀರು ತುಂಬಿಸಿ, ಕೈ ತೆಗೆಯಿರಿ. ನೀರು ಧುಮ್ಮಿಕ್ಕಬೇಕು. ನಲ್ಲಿಯ ಹಾಗೆ ಸುರಿದರೆ ಕೋರ್ ಮುಗಿದಿದೆ.

ಎತ್ತರವೂ ಕ್ಯಾಪೂ

ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದರೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್. ಅಲ್ಲಿ ಒತ್ತಡವಿಲ್ಲದ ನೀರು 94 ಡಿಗ್ರಿಗೆ ಮುಂಚೆಯೇ ಕುದಿಯುತ್ತದೆ. ಕ್ಯಾಪಿನ ಪ್ರತಿ 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡ ಕುದಿಬಿಂದುವನ್ನು ಸುಮಾರು ಒಂದೂಮುಕ್ಕಾಲು ಡಿಗ್ರಿ ಮೇಲೆತ್ತುತ್ತದೆ. ಅಂದರೆ 7 ಪಿಎಸ್‌ಐ ಕ್ಯಾಪ್ ಸರಿಯಾಗಿ ಕೂತಿದ್ದರೆ ಚಿಕ್ಕಮಗಳೂರಿನಲ್ಲಿ 108 ಡಿಗ್ರಿವರೆಗೆ ನೀರು ಕುದಿಯದೆ ನಿಲ್ಲುತ್ತದೆ. ರಬ್ಬರ್ ಸತ್ತ ಕ್ಯಾಪ್ ಈ ಲಾಭವನ್ನೆಲ್ಲ ತಿಂದುಹಾಕುತ್ತದೆ. ಆದ್ದರಿಂದ ರೇಡಿಯೇಟರಿಗೆ ಮುಂಚೆ ಕ್ಯಾಪ್ ಬದಲಿಸಿ ನೋಡುವುದು ಅತಿ ಅಗ್ಗದ ಪ್ರಯೋಗ.

ಕ್ಯಾಪ್ ಕೊಳ್ಳುವಾಗ ಒತ್ತಡದ ಜೊತೆ ಆಳವನ್ನೂ ನೋಡಬೇಕು. ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಬಾಯಿಯ ಅಂಚಿನಿಂದ ಒಳಗಿನ ಸೀಲ್ ಕೂರುವ ಜಾಗಕ್ಕೆ 25 ಮಿ.ಮೀ. ಆಳವಿರುವುದುಂಟು, ಆಮೇಲಿನವುಗಳಲ್ಲಿ 19 ಮಿ.ಮೀ. ಗಿಡ್ಡ ಕ್ಯಾಪ್ ಆಳದ ಬಾಯಿಗೆ ತಿರುಗಿ ಕೂರುತ್ತದೆ, ಬಿಗಿಯಾದಂತೆಯೂ ಕಾಣುತ್ತದೆ, ಸೀಲ್ ಮಾತ್ರ ಮುಟ್ಟುವುದೇ ಇಲ್ಲ.

ಇನ್ನು "ಹೆಚ್ಚು ಒತ್ತಡದ್ದು ಹಾಕಿ, ಕುದಿಯಲ್ಲ" ಎಂಬ ಸಲಹೆ. ಈಗಿನ ಕಾರುಗಳ ಕ್ಯಾಪ್ ಸಾಮಾನ್ಯವಾಗಿ 13ರಿಂದ 16 ಪಿಎಸ್‌ಐ. ಅದನ್ನು 7 ಪಿಎಸ್‌ಐಗೆ ಮಾಡಿದ ಬೆಸುಗೆಯ ಟ್ಯಾಂಕಿಗೆ ಹಾಕಿದರೆ ಮೊದಲು ಬಾಯಿ ಬಿಡುವುದು ಟ್ಯಾಂಕಿನ ಅಂಚು, ಇಲ್ಲವೇ ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್. ಮ್ಯಾನ್ಯುಯಲ್‌ನಲ್ಲಿ ಇರುವ ಅಂಕಿಯನ್ನು ದಾಟಬೇಡಿ.

ಗಾಡಿಯ ಹೆಸರು ಹೇಳಿದರೆ ಸಾಲದು

ಅಂಗಡಿಯಲ್ಲಿ "ಅಂಬಾಸಿಡರ್ ರೇಡಿಯೇಟರ್" ಎಂದು ಕೇಳುವುದು ಅರ್ಧ ವಿಳಾಸ ಕೊಟ್ಟಂತೆ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ ಬಂದು 2014ರವರೆಗೆ ತಯಾರಾದ ಈ ಒಂದು ಗಾಡಿಯಲ್ಲೇ ಮೊದಲಿನ ಸೈಡ್ ವಾಲ್ವ್ ಎಂಜಿನ್, 1489 ಸಿಸಿಯ ಬಿಎಂಸಿ ಪೆಟ್ರೋಲ್, ಡೀಸೆಲ್, ಕೊನೆಗೆ 1.8 ಲೀಟರಿನ ಇಸುಜು, ಇಷ್ಟು ಬಂದುಹೋಗಿವೆ. ಜೀಪಿನ ಕಥೆ ಇನ್ನೂ ತೊಡಕು. ಕಾಫಿ ತೋಟದ ಎಷ್ಟೋ ಜೀಪುಗಳಲ್ಲಿ ಹರಿಕೇನ್ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ್ದಾರೆ. ಆರ್‌ಸಿ ಪುಸ್ತಕ ಒಂದು ಹೇಳುತ್ತದೆ, ಬಾನೆಟ್ ಕೆಳಗೆ ಇನ್ನೊಂದಿರುತ್ತದೆ. ಕಾವು ಹುಟ್ಟುವುದು ಎಂಜಿನ್ನಿನಲ್ಲಿ, ಬಾಡಿಯಲ್ಲಲ್ಲ. ಆದ್ದರಿಂದ ಸಾಮರ್ಥ್ಯವನ್ನು ಎಂಜಿನ್ನಿಗೆ ಹೊಂದಿಸಿ, ಕೂರುವ ಅಳತೆಯನ್ನು ಬಾಡಿಗೆ ಹೊಂದಿಸಿ.

ಯಾವ ದಾರಿ ಹಿಡಿಯಬೇಕು

ಟ್ಯೂಬ್ ಕಟ್ಟಿದೆ, ಆದರೆ ತಾಮ್ರದ ಫಿನ್ ಇನ್ನೂ ಗಟ್ಟಿಯಾಗಿ ಹಿಡಿದಿದೆ ಎಂದಾದರೆ ರಾಡಿಂಗ್ ಸಾಕು. ಮೇಲಿನ ಟ್ಯಾಂಕನ್ನು ಬಿಸಿಮಾಡಿ ಬಿಚ್ಚಿ, ಪ್ರತಿ ಟ್ಯೂಬಿಗೂ ತೆಳ್ಳನೆ ಕಂಬಿ ಹಾಯಿಸಿ, ಮತ್ತೆ ಬೆಸೆಯುತ್ತಾರೆ. ಉಗುರಿನಿಂದ ಗೀರಿದರೆ ಫಿನ್ ಪುಡಿಯಾಗಿ ಉದುರುತ್ತದೆ ಎಂದರೆ ರಾಡಿಂಗಿಗೆ ದುಡ್ಡು ಹಾಕಬೇಡಿ. ಫಿನ್ ಟ್ಯೂಬನ್ನು ಬಿಟ್ಟಿದೆ, ಒಳಗೆ ಎಷ್ಟು ಸ್ವಚ್ಛ ಮಾಡಿದರೂ ಕಾವು ಹೊರಬರುವುದಿಲ್ಲ.

ಆಗ ರೀಕೋರಿಂಗ್: ಮೂಲ ಹಿತ್ತಾಳೆ ಟ್ಯಾಂಕು, ಬದಿಯ ಪಟ್ಟಿ ಉಳಿಸಿಕೊಂಡು ನಡುವೆ ಹೊಸ ತಾಮ್ರ-ಹಿತ್ತಾಳೆ ಕೋರ್ ಬೆಸೆಯುವುದು. 50 ವರ್ಷ ದಾಟಿದ ಗಾಡಿಗೆ ಬಹುತೇಕ ಇದೇ ಸರಿಯಾದ ಉತ್ತರ. ಹೋಸ್ ಬಾಯಿ, ಬೋಲ್ಟ್ ತೂತು, ಕ್ಯಾಪಿನ ಕುತ್ತಿಗೆ ಎಲ್ಲವೂ ಇದ್ದಲ್ಲೇ ಇರುತ್ತವೆ, ಮುಂದೆ ಲೀಕಾದರೆ ಬೇಲೂರಿನಲ್ಲೋ ಸಕಲೇಶಪುರದಲ್ಲೋ ಬೆಸುಗೆ ಬಲ್ಲವರು ಸಾಕು.

ಟ್ಯಾಂಕೇ ಕೊಳೆತಿದ್ದರೆ ಅದೇ ಮಾದರಿಯ ಹೊಸ ತಾಮ್ರದ ರೇಡಿಯೇಟರ್ ನೋಡಿ. ಅಂಬಾಸಿಡರ್, ಪದ್ಮಿನಿ, ಜೀಪುಗಳದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಗುಜರಿಯ ರೇಡಿಯೇಟರ್ ತಂದರೆ ಅದರ ಟ್ಯಾಂಕಿಗಾಗಿ ತನ್ನಿ, ಕೋರಿಗಾಗಿ ಅಲ್ಲ.

ಅಲ್ಯೂಮಿನಿಯಂ ಹಗುರ, ಅಗಲ ಟ್ಯೂಬುಗಳಿಂದಾಗಿ ಚೆನ್ನಾಗಿಯೇ ತಣಿಸುತ್ತದೆ. ತಾಮ್ರದಷ್ಟು ಕಾವು ಸಾಗಿಸದ ಲೋಹವಾದರೂ ಟ್ಯೂಬಿಗೆ ಫಿನ್ ಅಂಟುವ ಜಾಗ ಹೆಚ್ಚಿರುವುದರಿಂದ ಆ ಕೊರತೆ ತುಂಬುತ್ತದೆ. ತೊಂದರೆ ಬೇರೆ ಕಡೆ. ವೈರಿಂಗಿನ ಅರ್ಥ್ ಸಡಿಲವಿರುವ ಹಳೆ ಗಾಡಿಯಲ್ಲಿ ಕರೆಂಟು ನೀರಿನ ದಾರಿ ಹಿಡಿದು ಅಲ್ಯೂಮಿನಿಯಂ ಅನ್ನು ಒಳಗಿನಿಂದ ತಿನ್ನುತ್ತದೆ. ಹಾಕುವುದೇ ಆದರೆ ರಬ್ಬರ್ ಬುಷ್ ಮೇಲೆ ಕೂರಿಸಿ, ಯಾವ ಅರ್ಥ್ ವೈರನ್ನೂ ಅದಕ್ಕೆ ಕಟ್ಟಬೇಡಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೂ ಇನ್ನೊಂದನ್ನು ಲೋಹ ತಾಕದಂತೆ ಕೂಲೆಂಟಿಗೂ ಇಟ್ಟು, ಲೈಟು, ಸ್ಟಾರ್ಟರ್ ಎಲ್ಲ ಹಾಕಿಸಿ ನೋಡಿ. 0.1 ವೋಲ್ಟಿಗಿಂತ ಕಡಿಮೆಯಿರಬೇಕು, 0.3 ದಾಟಿದರೆ ಅರ್ಥ್ ಸರಿಮಾಡದೆ ಹೊಸ ರೇಡಿಯೇಟರ್ ಹಾಕುವ ಮಾತೇ ಬೇಡ.

ಈಗಿನ ಸಣ್ಣ ಕಾರಿನ ಪ್ಲಾಸ್ಟಿಕ್ ಟ್ಯಾಂಕಿನದನ್ನು ಪದ್ಮಿನಿಗೆ ಒಗ್ಗಿಸುವ ಸಲಹೆ ಬಂದರೆ ನಯವಾಗಿ ಬೇಡ ಎನ್ನಿ. ಪೈಪಿನ ಸುತ್ತಳತೆ ಬೇರೆ, ಕ್ಯಾಪ್ ಬೇರೆ, ಅದು ಎಲೆಕ್ಟ್ರಿಕ್ ಫ್ಯಾನಿಗೆಂದು ಮಾಡಿದ್ದು. ಜೊತೆಗೆ ಮುಂದಿನ ಪ್ಯಾನೆಲ್ ಕತ್ತರಿಸಬೇಕಾಗುತ್ತದೆ. 2021ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿಗೆ ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ರೇಡಿಯೇಟರಿಗಾಗಿ ತಗಡು ಕೊಯ್ದು ಆ ಅವಕಾಶವನ್ನು ತೂಗುಯ್ಯಾಲೆಗೆ ಹಾಕುವುದು ಜಾಣತನವಲ್ಲ.

ಅಳತೆ

ಕಾಗದ, ಸ್ಟೀಲ್ ಟೇಪು, ವರ್ನಿಯರ್ ಇಟ್ಟುಕೊಂಡು ಎಲ್ಲವನ್ನೂ ಮಿ.ಮೀ.ನಲ್ಲಿ ಬರೆಯಿರಿ:

- ಕೋರ್: ಮೇಲಿನ ಹೆಡರ್ ಪ್ಲೇಟಿನಿಂದ (ಟ್ಯೂಬುಗಳ ತುದಿ ಕೂರುವ, ಟ್ಯಾಂಕಿಗೆ ಬೆಸೆಯುವ ತಟ್ಟೆ) ಕೆಳಗಿನ ಪ್ಲೇಟಿಗೆ ಎತ್ತರ, ಫಿನ್ ಇರುವಷ್ಟು ಅಗಲ, ದಪ್ಪ.
- ಹೆಡರ್ ಪ್ಲೇಟಿನ ಉದ್ದ-ಅಗಲ. ಕೋರ್ ಮಾಡುವವರಿಗೆ ಇದೇ ಮುಖ್ಯ, ಜನ ಮರೆಯುವುದೂ ಇದನ್ನೇ.
- ಟ್ಯಾಂಕು ಸೇರಿ ಒಟ್ಟು ಎತ್ತರ. ಬೋಲ್ಟ್ ತೂತುಗಳ ನಡುವಿನ ದೂರ, ಅಡ್ಡಕ್ಕೂ ಉದ್ದಕ್ಕೂ.
- ಮೇಲಿನ, ಕೆಳಗಿನ ಹೋಸ್ ಬಾಯಿಯ ಹೊರವ್ಯಾಸ, ಅವು ಎಡಕ್ಕೋ ಬಲಕ್ಕೋ, ಯಾವ ಓರೆಯಲ್ಲಿ.
- ಕ್ಯಾಪ್ ಕುತ್ತಿಗೆಯ ಆಳ, ಓವರ್‌ಫ್ಲೋ ನಳಿಕೆ, ಡ್ರೈನ್ ನಲ್ಲಿ, ಸ್ಟಾರ್ಟಿಂಗ್ ಹ್ಯಾಂಡಲ್ ಹಾಯುವ ದಾರಿ.
- ಫ್ಯಾನಿನ ಎಲೆಯ ತುದಿಯಿಂದ ಕೋರಿಗೆ ಇರುವ ಸಂದು.

ಈ ಕೊನೆಯದರಲ್ಲಿ ಎಡವುವವರು ಬಹಳ. ಕೋರ್ ದಪ್ಪವಾದಷ್ಟೂ ಸಂದು ಕಿರಿದಾಗುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ಬರುತ್ತದೆ. ನಿಂತ ಗಾಡಿಯಲ್ಲಿ 5 ಮಿ.ಮೀ. ಸಂದು ಕಂಡು ತೃಪ್ತಿಪಟ್ಟರೆ ಘಾಟಿ ಇಳಿಯುವಾಗ ಫ್ಯಾನು ಹೊಸ ಕೋರನ್ನು ಗೀರಿ ಹಾಕುತ್ತದೆ. 20 ಮಿ.ಮೀ. ಆಸುಪಾಸು ಉಳಿಸಿಕೊಳ್ಳಿ, ಸವೆದ ಮೌಂಟಿಂಗ್ ಇದೇ ಹೊತ್ತಿಗೆ ಬದಲಿಸಿ.

ದಪ್ಪ ಕೋರಿನ ಆಸೆ

ಟ್ಯೂಬುಗಳ ಮೂರು ರೋ (ಒಂದರ ಹಿಂದೊಂದು ಸಾಲು) ಇದ್ದುದನ್ನು ನಾಲ್ಕು ರೋ ಮಾಡಿಸಿದರೆ ಹೆಚ್ಚು ತಂಪು ಎಂಬ ನಂಬಿಕೆ ಗಟ್ಟಿಯಾಗಿದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಅದಕ್ಕೆ ಸ್ವಲ್ಪ ಅರ್ಥವಿದೆ, ಅರಸೀಕೆರೆ ಕಡೆ 60 ಕಿ.ಮೀ. ವೇಗದಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ. ಗುಂಡ್ಯದಿಂದ ಶಿರಾಡಿ ಹತ್ತುವಾಗ ಹಾಗಲ್ಲ. ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ತೆವಳುವ ಗಾಡಿಗೆ ಸಿಗುವುದು ಫ್ಯಾನ್ ಎಳೆದಷ್ಟೇ ಗಾಳಿ. ಮೊದಲ ರೋ ದಾಟುವಷ್ಟರಲ್ಲೇ ಆ ಗಾಳಿ ಬಿಸಿಯಾಗಿರುತ್ತದೆ, ನಾಲ್ಕನೆಯದಕ್ಕೆ ತಲುಪುವಾಗ ತಣಿಸುವ ಶಕ್ತಿ ಉಳಿದಿರುವುದಿಲ್ಲ. ಮೇಲಾಗಿ ದಪ್ಪ ಕೋರ್ ಗಾಳಿಯನ್ನೇ ತಡೆಯುತ್ತದೆ.

ಹಾಗಾಗಿ ಮೊದಲು ಅಗಲ-ಎತ್ತರ ಎಷ್ಟು ಹಿಗ್ಗುತ್ತದೋ ನೋಡಿ, ಆಮೇಲೆ ದಪ್ಪದ ಮಾತು. ಮೂಲದಲ್ಲಿ ಎಷ್ಟು ರೋ ಇತ್ತೋ ಅಷ್ಟೇ ಇರಲಿ, ಹೆಚ್ಚೆಂದರೆ ಒಂದು ಕೂಡಿಸಿ. ಫಿನ್ ಇಂಚಿಗೆ 10ರಿಂದ 12 ಸಾಕು. 16 ಫಿನ್ನಿನ ಒತ್ತಾದ ಕೋರ್ ಹಳೆ ಫ್ಯಾನಿಗೆ ಭಾರ, ತೋಟದ ಕೆಸರಿಗೆ ಬೇಗ ಕಟ್ಟುತ್ತದೆ. ಉಳಿದ ದುಡ್ಡನ್ನು ಫ್ಯಾನಿನ ಸುತ್ತ ತಗಡಿನ ಶ್ರೌಡ್ ಮಾಡಿಸಲು ಹಾಕಿ. ಶ್ರೌಡ್ ಇಲ್ಲದ ಫ್ಯಾನ್ ತನ್ನ ಎದುರಿನ ವೃತ್ತದ ಗಾಳಿಯನ್ನು ಮಾತ್ರ ಎಳೆಯುತ್ತದೆ, ಕೋರಿನ ಮೂಲೆಗಳು ಸುಮ್ಮನೆ ಕೂತಿರುತ್ತವೆ. ಎಲೆಯ ತುದಿಗೂ ಶ್ರೌಡಿಗೂ ಒಂದು ಇಂಚಿನಷ್ಟು ಸಂದಿರಲಿ.

ಎಲೆಕ್ಟ್ರಿಕ್ ಫ್ಯಾನ್ ಸೇರಿಸುವ ಮುನ್ನ ಡೈನಮೋ ನೋಡಿ. ಲೂಕಾಸ್ ಸಿ40 ಕೊಡುವುದು ಗರಿಷ್ಠ 22 ಆಂಪಿಯರ್, ಅದೂ ಎಂಜಿನ್ ಜೋರಾಗಿ ತಿರುಗಿದಾಗ. ಹೆಡ್‌ಲೈಟು, ವೈಪರು, ಇಗ್ನಿಷನ್ ಜೊತೆ 8-10 ಆಂಪಿಯರಿನ ಫ್ಯಾನ್ ಸೇರಿದರೆ ಮಳೆಯ ರಾತ್ರಿ ಬ್ಯಾಟರಿ ಕೈಕೊಡುತ್ತದೆ.

ಪಂಪ್ ಇಲ್ಲದ ಗಾಡಿಗಳು

ಆಸ್ಟಿನ್ ಸೆವೆನ್, ಫೋರ್ಡ್ ಮಾಡೆಲ್ ಟಿ ಥರದ ಗಾಡಿಗಳಲ್ಲಿ ಬಿಸಿ ನೀರು ತಾನಾಗಿ ಮೇಲೇರಿ, ತಣ್ಣಗಾಗಿ ಕೆಳಗಿಳಿದು ಸುತ್ತುತ್ತದೆ. ಇವುಗಳಿಗೆ ಸಣ್ಣ ತೂತಿನ ಈಗಿನ ಟ್ಯೂಬ್ ಹಾಕಿದರೆ ಆ ಮೆಲ್ಲನೆಯ ಸುತ್ತು ನಿಂತುಹೋಗುತ್ತದೆ. ಅಗಲ ಟ್ಯೂಬನ್ನೇ ಕೇಳಿ. ನೀರಿನ ಮಟ್ಟ ಮೇಲಿನ ಹೋಸ್ ಬಾಯಿಗಿಂತ ಕೆಳಗಿಳಿದರೂ ಸುತ್ತು ಕಡಿಯುತ್ತದೆ, ಹಾಗಾಗಿ ಏರು ಹತ್ತುವ ಮುನ್ನ ಮಟ್ಟ ನೋಡಲೇಬೇಕು. ಒತ್ತಡದ ಕ್ಯಾಪ್ ಇವಕ್ಕೆ ಬೇಡ. ಜೇನುಗೂಡಿನ ಕೋರ್ ಇದ್ದು ಅದನ್ನು ಮಾಡುವವರು ಸಿಗದಿದ್ದರೆ ಹಿಂದೆ ಟ್ಯೂಬಿನ ಕೋರ್, ಮುಂದೆ ನೋಟಕ್ಕೆ ಜೇನುಗೂಡಿನ ಜಾಲರಿ ಎಂಬ ಉಪಾಯವಿದೆ. ಜಾಲರಿ ಗಾಳಿ ತಡೆಯುತ್ತದೆಂಬುದು ನೆನಪಿರಲಿ.

ಬಿಚ್ಚುವುದು, ಅಂಗಡಿಗೆ ಕೊಡುವುದು

ತಣ್ಣಗಿನ ಎಂಜಿನ್. ಅಗಲ ಬಾಂಡ್ಲಿ ಇಟ್ಟು ರೇಡಿಯೇಟರಿನ ನಲ್ಲಿ, ಎಂಜಿನ್ ಬ್ಲಾಕಿನ ನಲ್ಲಿ ಎರಡನ್ನೂ ಬಿಡಿ, ಬಂದ ನೀರು ಎಷ್ಟು ಲೀಟರ್ ಎಂದು ಅಳೆದಿಡಿ. ಕೂಲೆಂಟ್ ಇದ್ದರೆ ಮೋರಿಗೆ ಚೆಲ್ಲಬೇಡಿ. ಸಿಹಿಯೆಂದು ನಾಯಿ, ದನ ಕುಡಿದರೆ ಸಾಯುತ್ತವೆ. ಅಂಟಿಕೊಂಡ ಹೋಸನ್ನು ತಿರುಚದೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ, ತಿರುಚಿದರೆ ಹಿತ್ತಾಳೆ ಬಾಯಿಯ ಬೆಸುಗೆ ಬಿಡುತ್ತದೆ. ಎತ್ತುವಾಗ ಫ್ಯಾನಿಗೂ ಕೋರಿಗೂ ನಡುವೆ ರಟ್ಟು ಇಳಿಬಿಡಿ.

ರೇಡಿಯೇಟರ್ ಹೊರಗಿರುವಾಗಲೇ ಥರ್ಮೋಸ್ಟಾಟ್ ತೆಗೆದು ಬ್ಲಾಕಿಗೆ ಹಿಮ್ಮುಖವಾಗಿ ನೀರು ಹಾಯಿಸಿ, ತಿಳಿಯಾಗುವವರೆಗೆ. ದಶಕಗಳ ತುಕ್ಕಿನ ಗಸಿ ಹಿಂದಿನ ಸಿಲಿಂಡರಿನ ಸುತ್ತ ಕೂತಿರುತ್ತದೆ. ಇದನ್ನು ಬಿಟ್ಟರೆ ಆ ಗಸಿಯೆಲ್ಲ ಹೊಸ ಕೋರಿಗೆ ಬರುತ್ತದೆ.

ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಲಾರಿ, ಟ್ರ್ಯಾಕ್ಟರ್ ರೇಡಿಯೇಟರ್ ಮಾಡುವವರು ಹಳೆ ಕಾರಿನದನ್ನೂ ಮಾಡುತ್ತಾರೆ. ಒಪ್ಪಿಸುವ ಮುನ್ನ ಗಾಳಿ ಬಿಟ್ಟು ಮುಳುಗಿಸುವ ಟೆಸ್ಟ್ ತೊಟ್ಟಿ ಇದೆಯೇ ನೋಡಿ. ರೋ ಎಷ್ಟು, ಇಂಚಿಗೆ ಫಿನ್ ಎಷ್ಟು, ಟ್ಯೂಬ್ ಹಿತ್ತಾಳೆಯದೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿ. ಲೀಕಿಗೆ ಎಂ-ಸೀಲ್ ಬೇಡ, ಬೆಸುಗೆಯೇ ಆಗಬೇಕು ಎಂದು ಮೊದಲೇ ಹೇಳಿ. ಹಳೆ ಕೋರಿನ ತಾಮ್ರಕ್ಕೆ ಗುಜರಿ ಬೆಲೆ ಇದೆ; ಅದು ನಿಮ್ಮದೋ, ಕೂಲಿಯಲ್ಲಿ ವಜಾ ಆಗುತ್ತದೋ ಎಂಬ ಮಾತೂ ಆಗಲೇ ಮುಗಿಯಲಿ.

ವಾಪಸು ತರುವಾಗ ಕಣ್ಣೆದುರಿಗೇ ಟೆಸ್ಟ್ ಮಾಡಿಸಿ. 7 ಪಿಎಸ್‌ಐ ವ್ಯವಸ್ಥೆಗೆ 8-9 ಪಿಎಸ್‌ಐ ಗಾಳಿ ಸಾಕು, ಟಯರಿನ ಒತ್ತಡ ಬಿಟ್ಟರೆ ಟ್ಯಾಂಕು ಉಬ್ಬುತ್ತದೆ. ಹತ್ತು ನಿಮಿಷ ಒಂದೂ ಗುಳ್ಳೆ ಬರಬಾರದು. ಬೆಸುಗೆಗೆ ಹಚ್ಚಿದ ಆಸಿಡ್ ಫ್ಲಕ್ಸ್ ಚೆನ್ನಾಗಿ ತೊಳೆದಿರಬೇಕು, ಉಳಿದರೆ ಕೆಲವೇ ತಿಂಗಳಲ್ಲಿ ಹಸಿರು ಕಿಲುಬು ಹತ್ತಿ ಅಲ್ಲೇ ತೂತಾಗುತ್ತದೆ. ಬಣ್ಣ ಕಪ್ಪು, ತೆಳ್ಳಗೆ ಒಂದು ಕೋಟು. ದಪ್ಪ ಪೇಂಟು ಫಿನ್ನಿಗೆ ಕಂಬಳಿ ಹೊದಿಸಿದಂತೆಯೇ.

ಕೂರಿಸಿ ನೀರು ತುಂಬುವುದು

ಹೋಸು, ಕ್ಲಿಪ್ಪು, ಥರ್ಮೋಸ್ಟಾಟ್ ಗ್ಯಾಸ್ಕೆಟ್ ಹೊಸದೇ ಇರಲಿ. ಮೌಂಟಿಂಗ್ ಬೋಲ್ಟುಗಳನ್ನು ಕೈಯಲ್ಲಿ ಹಿಡಿಸಿ, ಹೋಸುಗಳನ್ನು ಎಳೆತವಿಲ್ಲದೆ ಕೂರಿಸಿ, ಆಮೇಲೆ ಬಿಗಿಯಿರಿ. ತೂತು ಕೂಡದಿದ್ದಾಗ ಸಬ್ಬಲಿನಿಂದ ಎಳೆದು ಬೋಲ್ಟ್ ತುರುಕಿದರೆ ಆ ತಿರುಚು ಬೆಸುಗೆಯ ಮೇಲೆ ಬೀಳುತ್ತದೆ.

ಕಡೂರು, ಅರಸೀಕೆರೆ ಕಡೆಯ ಬೋರ್‌ವೆಲ್ ನೀರು ಗಡಸು, ಟ್ಯೂಬಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ತೋಟದ ಹಳ್ಳದ ನೀರು ಮೆದುವಾದರೂ ಒಂಟಿಯಾಗಿ ಹಾಕಿದರೆ ಕಬ್ಬಿಣದ ಬ್ಲಾಕು ತುಕ್ಕು ಹಿಡಿಯುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಮೂರು ಭಾಗಕ್ಕೆ ಒಂದು ಭಾಗ ಕೂಲೆಂಟ್. ನೀರು ಹೆಪ್ಪುಗಟ್ಟುವ ಭಯ ನಮ್ಮಲ್ಲಿಲ್ಲ, ಕೂಲೆಂಟ್ ಇಲ್ಲಿ ತುಕ್ಕು ತಡೆಯಲು. ಅರ್ಧಕ್ಕಿಂತ ಹೆಚ್ಚು ಹಾಕಿದರೆ ತಣಿಸುವ ಶಕ್ತಿಯೇ ಕುಗ್ಗುತ್ತದೆ. ಸೀಸದ ಬೆಸುಗೆಯ ರೇಡಿಯೇಟರಿಗೆ ಸಿಲಿಕೇಟ್ ಇರುವ ಹಳೆ ಬಗೆಯ ಐಎಟಿ (ಇನಾರ್ಗ್ಯಾನಿಕ್ ಆಡಿಟಿವ್ ಟೆಕ್ನಾಲಜಿ) ಕೂಲೆಂಟ್ ಕೊಳ್ಳಿ. ಬಣ್ಣ ನೋಡಿ ನಂಬಬೇಡಿ, ಡಬ್ಬದ ಮೇಲಿನ ಬರಹ ಓದಿ.

ಮೂತಿ ಮೇಲಾಗುವಂತೆ ಸಣ್ಣ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ವಾಲ್ವ್ ಇದ್ದರೆ ತೆರೆದು, ನಿಧಾನವಾಗಿ ತುಂಬಿ. ಥರ್ಮೋಸ್ಟಾಟ್ ತೆರೆದು ಮಟ್ಟ ಕುಸಿದ ಮೇಲೆ ಮತ್ತೆ ತುಂಬಿ. ಓವರ್‌ಫ್ಲೋ ಬಾಟಲಿ ಇಲ್ಲದ ಗಾಡಿಯಲ್ಲಿ ಕುತ್ತಿಗೆಯಿಂದ ಒಂದು ಇಂಚು ಖಾಲಿ ಬಿಡಿ, ಬಿಸಿಗೆ ಹಿಗ್ಗುವ ನೀರಿಗೆ ಜಾಗ ಬೇಕು. ಅಳೆದಿಟ್ಟ ಲೀಟರಿಗಿಂತ ಬಹಳ ಕಡಿಮೆ ಹಿಡಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಓಡಿಸಿ ನೋಡುವುದು

ಮೊದಲ ದಿನವೇ ಚಾರ್ಮಾಡಿಗೆ ಒಯ್ಯಬೇಡಿ. ಮನೆಯಂಗಳದಲ್ಲಿ 20 ನಿಮಿಷ ಐಡ್ಲಿಂಗ್, ಆಮೇಲೆ ಹಾಸನ-ಬೇಲೂರು ಥರದ ಸಮ ರಸ್ತೆ. ಮುಳ್ಳು ಸ್ಥಿರವಾಗಿದ್ದರೆ ಮಧ್ಯಾಹ್ನದ ಬಿಸಿಲಿನಲ್ಲಿ ಕೈಮರದಿಂದ ಬಾಬಾಬುಡನಗಿರಿ ಕಡೆ ಏರಿಸಿ. ಸಮ ರಸ್ತೆಯಲ್ಲಿ ಸರಿಯಿದ್ದು ಏರಿನಲ್ಲಿ ಮಾತ್ರ ಬಿಸಿಯಾದರೆ ಗಾಳಿಯ ಕೊರತೆ, ಶ್ರೌಡ್ ಮತ್ತು ಫ್ಯಾನ್ ನೋಡಿ. ವೇಗದಲ್ಲಿ ಬಿಸಿಯಾಗಿ ಐಡ್ಲಿಂಗಿನಲ್ಲಿ ಇಳಿದರೆ ನೀರಿನ ಓಟದ ಕೊರತೆ, ಪಂಪು ಮತ್ತು ಕೆಳಗಿನ ಹೋಸ್ ನೋಡಿ. ಏರು ಮುಗಿದೊಡನೆ ಎಂಜಿನ್ ಆರಿಸದೆ ಎರಡು ಮೂರು ನಿಮಿಷ ಐಡ್ಲಿಂಗಿನಲ್ಲಿ ಬಿಡಿ.

ದಾರಿಯಲ್ಲಿ ಲೀಕಾದರೆ ಅರಿಶಿನದ ಪುಡಿ ಸುರಿಯುವ ಉಪಾಯ ಎಲ್ಲರಿಗೂ ಗೊತ್ತು. ಸಣ್ಣ ಲೀಕನ್ನು ಅದು ನಿಲ್ಲಿಸುತ್ತದೆ, ಜೊತೆಗೆ ಟ್ಯೂಬನ್ನೂ ಕಟ್ಟಿಸುತ್ತದೆ. ಊರು ಸೇರಲು ಬಳಸಿದ್ದರೆ ಅದೇ ವಾರ ಪೂರ್ತಿ ಖಾಲಿ ಮಾಡಿ ತೊಳೆಯಿರಿ. 500 ಕಿ.ಮೀ. ಆದ ಮೇಲೆ ಎಲ್ಲ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿದು, ಟ್ಯಾಂಕಿನ ಅಂಚಿನಲ್ಲಿ ಹಸಿರು ಕಲೆ ಮೂಡಿದೆಯೇ ನೋಡಿ. ಮೂಡಿದ್ದರೆ ಬಿಲ್ಲು ಹಿಡಿದು ಅಂಗಡಿಗೆ ಹೋಗುವ ಹೊತ್ತು ಅದೇ. ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ, ಗಾಡಿ ಓಡಿರಲಿ ಬಿಡಲಿ, ಬದಲಿಸಿ.